ಮಗಳ ಕ್ರಿಯಾಪದಗಳ ದಾಖಲೆ: ‘ತೆಗಿ’ ಎಲ್ಲಿಯವರೆಗೆ ಹಬ್ಬಿದೆ

ಎರಡೂವರೆ ವರ್ಷದ ಮಗಳ ಕ್ರಿಯಾಪದಗಳನ್ನು ಬರೆದಿಡುವ ಪುಸ್ತಕದಲ್ಲಿ ಈ ತಿಂಗಳಿಂದ ಪದ ಮತ್ತು ದಿನಾಂಕದ ಜೊತೆಗೆ, ಅವಳ ಎದುರಿಗೆ ಯಾವ ವಸ್ತುವಿತ್ತು, ಕೈ ಏನು ಮಾಡುತ್ತಿತ್ತು, ಮಾತಿನಲ್ಲಿ ಎಷ್ಟು ನಾಮಪದಗಳಿದ್ದವು ಎಂಬುದನ್ನೂ ಸೇರಿಸುತ್ತಿದ್ದೇನೆ.

ಹೆಚ್ಚು ಪುಟಗಳನ್ನು ತುಂಬಿರುವುದು ‘ತೆಗಿ’. ಬಾಗಿಲಿಗೂ ಡಬ್ಬಿಯ ಮುಚ್ಚಳಕ್ಕೂ ಕೇಳಿ ಕಲಿತ ಈ ಪದವನ್ನು ಅವಳು ಬಾಳೆಹಣ್ಣು ಸುಲಿಯಲು, ದಾರದ ಗಂಟು ಬಿಚ್ಚಲು, ಈಗ ಲೈಟು ಹಾಕಲು ಸಹ ಬಳಸುತ್ತಾಳೆ. ಭಾಷಾವಿಜ್ಞಾನಿ ಮೆಲಿಸಾ ಬವರ್ಮನ್ ತಮ್ಮ ಹೆಣ್ಣುಮಕ್ಕಳ ಇಂಗ್ಲಿಷ್ ಮಾತನ್ನು ದಾಖಲಿಸಿದಾಗ ‘ಓಪನ್’ ಎಂಬ ಪದವೂ ಹೀಗೆಯೇ ಹಬ್ಬಿದ್ದು ಕಂಡುಬಂದಿತ್ತು. ಆದರೆ ಕನ್ನಡದಲ್ಲಿ ಲೆಕ್ಕ ಹಿಡಿಯುವುದಕ್ಕೆ ಹೆಚ್ಚಿನ ಎಚ್ಚರ ಬೇಕು: ‘ಸಿಪ್ಪೆ ತೆಗಿ’ ಎಂದು ನಾವೇ ಹೇಳುವುದರಿಂದ ಅದು ಮಗು ಪದವನ್ನು ತಾನಾಗಿ ಹೊಸ ಕಡೆಗೆ ಹಬ್ಬಿಸಿದ ವಿಸ್ತರಣೆಯಲ್ಲ, ‘ಹಣ್ಣು ತೆಗಿ’ ಎಂದು ಸಿಪ್ಪೆ ಸುಲಿಯಲು ಕೇಳಿದರೆ ಮಾತ್ರ ವಿಸ್ತರಣೆ. ಲೈಟಿನ ವಿಷಯದಲ್ಲಿ ಇಂಥ ಅನುಮಾನವಿಲ್ಲ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

‘ಮುರಿ’ ಕಾಗದಕ್ಕೂ ಸಲ್ಲುತ್ತಿದೆ. ‘ಹರಿ’ ಇನ್ನೂ ಬಂದಿಲ್ಲ.

ನನ್ನನ್ನು ಅತಿಯಾಗಿ ಸೆಳೆದದ್ದು ಮತ್ತೊಂದು ಬಗೆಯ ವಿಸ್ತರಣೆ. ಗೊಂಬೆಯನ್ನು ಹಾಸಿಗೆಯ ಮೇಲೆ ಇಟ್ಟು ‘ನಾನು ಗೊಂಬೆ ಮಲಗ್ದೆ’ ಎನ್ನುತ್ತಾಳೆ. ‘ಮಲಗಿಸಿದೆ’ ಎಂಬುದರಲ್ಲಿ ‘ಬೇರೆಯವರು ಮಾಡುವಂತೆ ಮಾಡು’ ಎಂಬ ಅರ್ಥ ಕೊಡುವ ‘ಇಸು’ ಪ್ರತ್ಯಯ ಅಲ್ಲಿಲ್ಲ, ಆದರೆ ಮಾಡಿದವರು ಯಾರು, ಯಾರಿಗೆ ಮಾಡಿದ್ದು ಎಂಬ ಎರಡೂ ನಾಮಪದಗಳು ಇವೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಾತನಾಡುವ ಮೂರು ವರ್ಷದ ಮಕ್ಕಳನ್ನೇ ಕುರಿತದ್ದು. ಕೇಳಿದ ವಾಕ್ಯವನ್ನು ಆಟಿಕೆಗಳಿಂದ ಆಡಿ ತೋರಿಸುವಾಗ, ಒಬ್ಬರು ಇನ್ನೊಬ್ಬರಿಂದ ಮಾಡಿಸಿದರೇ ಎಂದು ತೀರ್ಮಾನಿಸಲು ಮಕ್ಕಳು ‘ಇಸು’ ಇದೆಯೋ ಇಲ್ಲವೋ ಎಂಬುದಕ್ಕಿಂತ ನಾಮಪದಗಳ ಸಂಖ್ಯೆಯನ್ನೇ ನಂಬಿದರು. ದೊಡ್ಡವರು ಪ್ರತ್ಯಯವನ್ನೂ ಗಣಿಸಿದರು. ನಮ್ಮ ಭಾಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಿವಿಗೆ ಬೀಳುವ ಪ್ರತ್ಯಯವಿದ್ದೂ ಮಗು ಮೊದಲು ವಾಕ್ಯದ ಚೌಕಟ್ಟನ್ನು ಹಿಡಿಯುತ್ತದೆಂಬುದು ನನಗೆ ನಿಜವಾಗಿ ಬೆರಗು ತಂದಿದೆ.

ಒಂದು ಮಗುವಿನ ದಾಖಲೆ ಏನನ್ನೂ ಸಾಬೀತುಪಡಿಸದು. ಆದರೂ ‘ಇಸು’ ಮೊದಲು ಯಾವ ಕ್ರಿಯಾಪದಕ್ಕೆ ಅಂಟುತ್ತದೆ, ‘ಬೀಳಿಸು’, ‘ಕುಣಿಸು’, ‘ಮಲಗಿಸು’ ಒಟ್ಟಿಗೆ ಬರುತ್ತವೆಯೇ ಅಥವಾ ಒಂದೊಂದಾಗಿಯೇ ಎಂಬುದನ್ನು ಗುರುತಿಸಲು ಪುಸ್ತಕದಲ್ಲಿ ಬೇರೆ ಪುಟಗಳನ್ನು ಬಿಟ್ಟಿದ್ದೇನೆ.