ಮಾನ್ಯುಮೆಂಟ್ ವ್ಯಾಲಿಗೆ ಹೋಗುವವರೇ, ಬ್ಲಫ್‌ನಲ್ಲಿ ಸ್ವಲ್ಪ ಇಳಿಯಿರಿ

ಅಮೆರಿಕದ ಯೂಟಾ ರಾಜ್ಯದ ಕಡೆ ಹೊರಟ ನಮ್ಮವರ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಕೊನೆಗೆ ಮಾನ್ಯುಮೆಂಟ್ ವ್ಯಾಲಿ. ಆರ್ಚಸ್ ಪಕ್ಕದ ಮೋಆಬ್ ಊರು ಬಿಟ್ಟು ದಕ್ಷಿಣಕ್ಕೆ ಸುಮಾರು 160 ಕಿ.ಮೀ. ಬಂದರೆ, ಮಾನ್ಯುಮೆಂಟ್ ವ್ಯಾಲಿಯ ದಾರಿಯಲ್ಲೇ ಬ್ಲಫ್ ಅನ್ನೋ ಪುಟ್ಟ ಊರು ಸಿಗುತ್ತದೆ. ಸುತ್ತ ಕೆಂಪು ಬಂಡೆ, ಪಕ್ಕದಲ್ಲಿ ಸ್ಯಾನ್ ವಾನ್ ನದಿ. ಜಾಸ್ತಿ ಜನ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ಅರ್ಧ ದಿನವಾದರೂ ಇಲ್ಲಿಗೆ ಕೊಡಿ ಅಂತ ನನ್ನ ಒತ್ತಾಯ. ಅಷ್ಟು ಹೊತ್ತೂ ಬರೀ ಕಲ್ಲು ನೋಡಿರುತ್ತೀರಿ. ಆ ಕಲ್ಲುಗಳ ನಡುವೆ ಬೇಸಾಯ ಮಾಡಲು ಬಂದವರ ಕಥೆ ಇಲ್ಲಿದೆ.

ಹೋಗುವ ಮುಂಚೆ ಯೆನ್ಸ್ ನೀಲ್ಸನ್ ಎಂಬ ರೈತನ ಬಗ್ಗೆ ಸ್ವಲ್ಪ ತಿಳಿದುಕೊಂಡಿದ್ದರೆ ಊರು ಬೇರೆಯೇ ಥರ ಕಾಣುತ್ತದೆ. ಹುಟ್ಟಿದ್ದು 1820ರಲ್ಲಿ, ಡೆನ್ಮಾರ್ಕಿನಲ್ಲಿ. ಯೂಟಾದಲ್ಲಿ ನೆಲೆಯೂರಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿ, 1856ರಲ್ಲಿ ಹೆಂಡತಿ ಎಲ್ಸಿ ಮತ್ತು ಚಿಕ್ಕ ಮಗನ ಜೊತೆ ಅಮೆರಿಕಕ್ಕೆ ಬಂದ. ಎತ್ತಿನ ಬಂಡಿ ಕೊಳ್ಳುವಷ್ಟು ದುಡ್ಡಿತ್ತಂತೆ. ಅದನ್ನು ಬೇರೆಯವರ ಪ್ರಯಾಣಕ್ಕೆ ಕೊಟ್ಟು, ತಾನು ಮಾತ್ರ ಕೈಗಾಡಿ ಎಳೆಯುವವರ ತಂಡದ ಜೊತೆ ಯೂಟಾ ಕಡೆ ಹೊರಟ. ಆ ತಂಡ ತಡವಾಗಿ ಹೊರಟಿತ್ತು. ಅಕ್ಟೋಬರ್ ಹಿಮ ವಯೋಮಿಂಗ್‌ನಲ್ಲಿ ಹಿಡಿಯಿತು. ಮಗ ಅಲ್ಲೇ ತೀರಿಕೊಂಡ. ನೀಲ್ಸನ್‌ನ ಕಾಲು ಹೆಪ್ಪುಗಟ್ಟಿ ನಡೆಯಲಾಗದೆ, ನನ್ನನ್ನು ಬಿಟ್ಟು ಹೋಗು ಅಂದನಂತೆ. ಎಲ್ಸಿ ಬಿಡಲಿಲ್ಲ, ಅವನನ್ನು ಗಾಡಿಗೆ ಹಾಕಿಕೊಂಡು ಎಳೆದಳು. ಅವನು ಆರಡಿ ದಾಟಿದ ಆಳು, ಅವಳು ಕುಳ್ಳಿ. ಸಾಯುವವರೆಗೂ ಅವನ ನಡಿಗೆ ನೆಟ್ಟಗಾಗಲಿಲ್ಲ.

ಇಷ್ಟಾದ ಮೇಲೆ ಎಲ್ಲಾದರೂ ಒಂದು ಕಡೆ ತಣ್ಣಗೆ ಕೂರಬೇಕಿತ್ತು, ಅಲ್ವಾ? 1879ರಲ್ಲಿ, 59ನೇ ವಯಸ್ಸಿನಲ್ಲಿ, ಚರ್ಚು ಕರೆದ ಕೂಡಲೇ ಮತ್ತೆ ಗಂಟುಮೂಟೆ ಕಟ್ಟಿದ. ಆಗ್ನೇಯ ಯೂಟಾದಲ್ಲಿ ಹೊಸ ಊರು ಕಟ್ಟಬೇಕಿತ್ತು. ಸುಮಾರು 250 ಜನ, 83 ಬಂಡಿ. ಆರು ವಾರದ ದಾರಿ ಅಂದುಕೊಂಡಿದ್ದು ಆರು ತಿಂಗಳಾಯಿತು.

ತಡವಾಗಿದ್ದು ಯಾಕೆ ಅನ್ನೋದು ತಿಳಿಯಬೇಕಾದರೆ ಹೋಲ್ ಇನ್ ದ ರಾಕ್ ನೋಡಬೇಕು. ಕೊಲೊರಾಡೊ ನದಿಯ ಮೇಲಿನ ಬಂಡೆಯಲ್ಲಿ ಒಂದು ಸೀಳು, ಅಷ್ಟೆ. ಅದನ್ನು ಸಿಡಿಮದ್ದಿಟ್ಟು ಅಗಲ ಮಾಡಿದರು. ಒಂದು ಕಡೆ ಕೆಳಗೆ ದಾರಿಯೇ ಇರಲಿಲ್ಲ. ವೇಲ್ಸ್‌ನಿಂದ ಬಂದಿದ್ದ ಬೆನ್ ಪರ್ಕಿನ್ಸ್ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಅವನ ಮಾತಿನಂತೆ ಬಂಡೆಗೆ ಸಾಲಾಗಿ ತೂತು ಕೊರೆದು, ಓಕ್ ಮರದ ಗೂಟ ಹೊಡೆದರು. ಅದರ ಮೇಲೆ ದಿಮ್ಮಿ, ಸೊಪ್ಪುಸದೆ, ಕಲ್ಲು ತುಂಬಿದರು. ಬಂಡಿಯ ಒಳಗಿನ ಚಕ್ರ ಬಂಡೆಯ ಮೇಲೆ, ಹೊರಗಿನ ಚಕ್ರ ಈ ಅಟ್ಟಣೆಯ ಮೇಲೆ. ಹಿಂದಿನ ಚಕ್ರಗಳಿಗೆ ಸರಪಳಿ ಬಿಗಿದು, ಹತ್ತಾರು ಜನ ಹಗ್ಗ ಹಿಡಿದು ಜಗ್ಗುತ್ತಾ, 1880ರ ಜನವರಿ 26ರಂದು ಬಂಡಿಗಳನ್ನು ಇಳಿಸಲು ಶುರುಮಾಡಿದರು. ಈ ಪ್ರಯಾಣದಲ್ಲಿ ಒಬ್ಬರೂ ಸಾಯಲಿಲ್ಲ. ದಾರಿಯಲ್ಲೇ ಮಕ್ಕಳು ಹುಟ್ಟಿದರು.

ಇಲ್ಲಿಗೆ ಹೋಗುವ ಆಸೆಯಿದ್ದರೆ ಒಂದು ಮಾತು. ಅದು ಬ್ಲಫ್ ಹತ್ತಿರ ಇಲ್ಲ. ಎಸ್ಕಲಾಂಟೆ ಊರಿನ ಕಡೆಯಿಂದ ಸುಮಾರು 100 ಕಿ.ಮೀ. ಕಚ್ಚಾ ರಸ್ತೆ. ಮೈಯೆಲ್ಲ ನಡುಗಿಸುವಂಥ ಏರಿಳಿತ, ಕೊನೆಯ ಕೆಲವು ಮೈಲಿಗೆ ಎತ್ತರದ ಫೋರ್ ವೀಲ್ ಡ್ರೈವ್ ಗಾಡಿ ಬೇಕೇ ಬೇಕು. ಬಾಡಿಗೆ ಕಾರಾದರೆ ಕಚ್ಚಾ ರಸ್ತೆಗೆ ಒಪ್ಪಿಗೆ ಇದೆಯಾ ಅಂತ ಕರಾರು ಓದಿ. ದಾರಿಯಲ್ಲಿ ಪೆಟ್ರೋಲ್ ಇಲ್ಲ, ನೀರಿಲ್ಲ. ಸಣ್ಣ ಮಕ್ಕಳಿದ್ದರೆ ಅರ್ಧ ದಾರಿ ದಾಟಿ ಸಿಗುವ ಡಾನ್ಸ್ ಹಾಲ್ ರಾಕ್ ತನಕ ಹೋಗಿ ವಾಪಸ್ ಬನ್ನಿ, ಸಾಕು. ಅಂಥ ಚಳಿಯಲ್ಲೂ ಪಿಟೀಲು ಬಾರಿಸಿ ಅವರು ಕುಣಿದ ಜಾಗ ಅದು. ಜುಲೈ, ಆಗಸ್ಟ್‌ನಲ್ಲಿ ಮಳೆ ಮೋಡ ಕಂಡರೆ ಇಳಿಯಲೇಬೇಡಿ. ಒಣ ಹಳ್ಳಗಳು ನೋಡನೋಡುತ್ತಲೇ ತುಂಬುತ್ತವೆ.

ಬ್ಲಫ್‌ನಲ್ಲಿ ನೋಡಬೇಕಾದ್ದು ಬ್ಲಫ್ ಫೋರ್ಟ್. ಹೆಸರಿಗೆ ಕೋಟೆ, ನಿಜಕ್ಕೂ ಮರದ ದಿಮ್ಮಿಯ ಮನೆಗಳ ಒಂದು ಚೌಕ. ಎಲ್ಲ ಬಾಗಿಲೂ ಒಳಗಿನ ಅಂಗಳಕ್ಕೆ. ಹೆಚ್ಚಿನವು ಹೊಸದಾಗಿ ಕಟ್ಟಿದ್ದು, ಹಳೆಯದು ಒಂದೇ, ಬಾರ್ಟನ್ ಮನೆ. ಅದರೊಳಗೆ ತಪ್ಪದೆ ಹೋಗಿ. ಸೊಟ್ಟ ಕಾಟನ್‌ವುಡ್ ದಿಮ್ಮಿಗಳ ಸಂದಿಗೆ ಮಣ್ಣು ಮೆತ್ತಿದ್ದಾರೆ. ಅಂಥ ಒಂದು ಕೋಣೆಯಲ್ಲಿ ಇಡೀ ಸಂಸಾರ. ಆಗಿನ ಮಣ್ಣಿನ ಮಾಳಿಗೆ ಮಳೆ ಬಂದರೆ ಸೋರುತ್ತಿತ್ತು. ಪ್ರವೇಶ ಉಚಿತ. ಚರ್ಚಿನ ಹಿರಿಯ ದಂಪತಿಗಳು ಸೇವೆಗೆ ನಿಂತಿರುತ್ತಾರೆ. ಕೇಳಿದ್ದಕ್ಕೆಲ್ಲ ಬೇಜಾರಿಲ್ಲದೆ ಉತ್ತರಿಸುತ್ತಾರೆ, ಮತಾಂತರದ ಒತ್ತಡವೇನೂ ನಮಗೆ ಕಾಣಲಿಲ್ಲ. ಭಾನುವಾರ ಅವರಿಗೆ ಆರಾಧನೆಯ ದಿನ, ಬೇರೆ ದಿನ ಇಟ್ಟುಕೊಳ್ಳಿ.

ಅಲ್ಲಿಂದ ನದಿ ಕಡೆ ಹೋಗಿ ಐದು ನಿಮಿಷ ನಿಲ್ಲಿ. ನೀಲ್ಸನ್ ಇದ್ದ ತಂಡ ಹೊರಟಿದ್ದು ಇನ್ನೂ ಸುಮಾರು 25 ಕಿ.ಮೀ. ಮುಂದಿನ ಮಾಂಟೆಜುಮಾ ಕ್ರೀಕ್‌ಗೆ. 1880ರ ಏಪ್ರಿಲ್ 6ಕ್ಕೆ ಇಲ್ಲಿಗೆ ಮುಟ್ಟಿದಾಗ ಹೆಚ್ಚಿನವರಿಗೆ ಮುಂದೆ ಹೋಗುವ ತ್ರಾಣ ಉಳಿದಿರಲಿಲ್ಲ. ಇದ್ದ ಚೂರು ಜಮೀನನ್ನು ಚೀಟಿ ಎತ್ತಿ ಹಂಚಿಕೊಂಡರು. ಮರಳು ನೆಲದಲ್ಲಿ ಕಾಲುವೆ ತೋಡಿದರೆ ದಡ ಕುಸಿಯುತ್ತಿತ್ತು. ನೀರು ಬಂದರೆ ಹೂಳು ತುಂಬುತ್ತಿತ್ತು. ಒಡ್ಡು ಕಟ್ಟಿದರೆ ಪ್ರವಾಹ ಒಯ್ಯುತ್ತಿತ್ತು. 1884ರ ಪ್ರವಾಹವಂತೂ ಊರನ್ನೇ ಖಾಲಿ ಮಾಡಿಸುವ ಹಾಗಿತ್ತು. ತುಂಗಭದ್ರೆಯ ಕೆರೆ ಬಯಲಿನಲ್ಲಿ ಬೆಳೆದ ನನಗೆ ಕಾಲುವೆಯ ಹೂಳು ಎತ್ತುವ ಗೋಳು ಬಿಡಿಸಿ ಹೇಳಬೇಕಿರಲಿಲ್ಲ. ನೀಲ್ಸನ್ ಆ ಹೊತ್ತಿಗೆ ಇಲ್ಲಿನ ಬಿಷಪ್, ಅಂದರೆ ಊರಿನ ಮಾರ್ಮನ್ ಸಭೆಯ ಮುಖ್ಯಸ್ಥ. ಊರು ಬಿಡಬಾರದು ಅನ್ನೋದು ಅವನ ಹಟ. ಕೊನೆಗೆ ಊರು ಉಳಿದಿದ್ದು ಬೆಳೆಯಿಂದಲ್ಲ. ಎಲ್ಲರೂ ಸೇರಿ ದನ ಸಾಕಿದರು, ಅದರಿಂದ ಕೈಗೆ ಕಾಸು ಬಂತು. ಮೂವರು ಹೆಂಡಿರ ಸಂಸಾರ ಅವನದು. ಬಹುಪತ್ನಿತ್ವವನ್ನು ಚರ್ಚು ಕೈಬಿಡುವ ಘೋಷಣೆ ಬಂದಿದ್ದು 1890ರಲ್ಲಿ. ಅವನು ತೀರಿಕೊಂಡಿದ್ದು 1906ರಲ್ಲಿ.

ಕೋಟೆಯ ಕಥೆ ಕೇಳುವಾಗ ಇನ್ನೊಂದು ನೆನಪಿರಲಿ. ಇದು ಖಾಲಿ ನೆಲ ಆಗಿರಲಿಲ್ಲ. ಯೂಟ್, ನವಾಹೊ, ಪಾಯೂಟ್ ಎಂಬ ಮೂಲನಿವಾಸಿ ಜನರ ನೆಲ. ಊರಿನ ಸುತ್ತ ಅವರಿಗಿಂತ ಹಳೆಯ ಪ್ಯೂಬ್ಲೊ ಪೂರ್ವಜರ ಬಂಡೆಚಿತ್ರ, ಮನೆಗಳ ಅವಶೇಷ ಇವೆ. ಮುಟ್ಟಬೇಡಿ, ಮಡಕೆಚೂರು ಎತ್ತಿಕೊಳ್ಳಬೇಡಿ.

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 540 ಕಿ.ಮೀ. ಒಂದೇ ಹಿಡಿತಕ್ಕೆ ಬರುವ ಬದಲು ಮೋಆಬ್‌ನಲ್ಲಿ ಉಳಿದು ಬನ್ನಿ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ, ಇಲ್ಲಿ ಹೋಟೆಲು ಕಡಿಮೆ. ಬ್ಲಫ್‌ನಲ್ಲಿ ರೂಮೂ ಕಡಿಮೆಯೇ, ಮುಂಚೆಯೇ ಕಾದಿರಿಸಿ. ಸಿಗದಿದ್ದರೆ ಉತ್ತರಕ್ಕೆ 40 ಕಿ.ಮೀ. ದೂರದ ಬ್ಲಾಂಡಿಂಗ್‌ನಲ್ಲಿ ನೋಡಿ. ಬೇಸಿಗೆಯಲ್ಲಿ ಇಲ್ಲಿಂದ ಅರಿಝೋನಾದ ಪೇಜ್ ಊರಿನಲ್ಲಿ ಟೂರ್ ಬುಕ್ ಮಾಡುವವರು ಗಡಿಯಾರ ನೋಡಿಕೊಳ್ಳಿ. ಮಾನ್ಯುಮೆಂಟ್ ವ್ಯಾಲಿಯ ನವಾಹೊ ನೆಲದಲ್ಲಿ ಯೂಟಾದ ಸಮಯವೇ ನಡೆಯುತ್ತದೆ, ಪೇಜ್ ಒಂದು ಗಂಟೆ ಹಿಂದಿರುತ್ತದೆ.