ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು? ಇಗೋ ನನ್ನ ಉತ್ತರ

ನಾನು ಪ್ರಕೃತಿ ಚಿಕಿತ್ಸೆಯ ಡಾಕ್ಟರ್. ಐದೂವರೆ ವರ್ಷ ಬಿಎನ್‌ವೈಎಸ್ ಓದಿ, ಚಿಕ್ಕಬಳ್ಳಾಪುರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎದುರಿನವರು ಕೇಳುವ ಪ್ರಶ್ನೆ ಒಂದೇ. "ಮೇಡಂ, ದಿನಕ್ಕೆ ಎಷ್ಟು ಲೀಟರ್ ನೀರು ಕುಡೀಬೇಕು?"

ಮದುವೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ. ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದರೆ ಬ್ಯಾಂಕಿನವರು ಕೌಂಟರಿನ ಆ ಕಡೆಯಿಂದ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ. ಬಾಯಾರಿದಾಗ ಕುಡಿಯಿರಿ. ಮೂತ್ರ ತಿಳಿ ಹಳದಿ ಬಣ್ಣದಲ್ಲಿದ್ದರೆ ನಿಮಗೆ ನೀರು ಸಾಕಾಗುತ್ತಿದೆ ಅಂತ ಅರ್ಥ. ಗಾಢ ಹಳದಿಯಾದರೆ ಸ್ವಲ್ಪ ಜಾಸ್ತಿ ಕುಡಿಯಿರಿ. ಉತ್ತರ ಇಷ್ಟೇ.

ಇಷ್ಟು ಹೇಳಿದರೆ ಜನರ ಮುಖ ಸಪ್ಪಗಾಗುತ್ತದೆ. "ಅಷ್ಟೇನಾ? ನಾಲ್ಕು ಲೀಟರ್ ಅಂತಾರಲ್ಲ ಮೇಡಂ?" ನನಗೆ ಸಿಟ್ಟು ಬರುವುದು ಇಲ್ಲೇ. ಉತ್ತರ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿರುತ್ತಾರೆ. ನನ್ನಿಂದ ಹೂಂ ಅನ್ನಿಸಿಕೊಂಡರೆ ಸಾಕು ಅವರಿಗೆ. ಇನ್ನು ಕೆಲವರು ಪ್ರಶ್ನೆಯ ಜೊತೆಗೇ ತಮ್ಮ ಸಾಧನೆ ಹೇಳುತ್ತಾರೆ. "ನಾನು ಬೆಳಿಗ್ಗೆ ಎದ್ದ ಕೂಡಲೇ ಒಂದೂವರೆ ಲೀಟರ್ ಮುಗಿಸ್ತೀನಿ." ಹೊಟ್ಟೆ ಉಬ್ಬರಿಸಿಕೊಂಡು, ವಾಂತಿ ಬರುವ ಹಾಗಾದರೂ ಬಿಡದೆ ಕುಡಿಯುವವರನ್ನು ನೋಡಿದ್ದೇನೆ. ಇದು ಆರೋಗ್ಯ ಅಂತ ಯಾರು ಹೇಳಿದರು?

ಈ ಲೀಟರ್ ಲೆಕ್ಕಕ್ಕೆ ಹಳೆಯ ಒಂದು ಮೂಲ ಇದೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ, ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಅಂದಿತು. ಇದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಅಲ್ಲೇ ಹೇಳಿತ್ತು. ಮೊದಲನೇ ಮಾತು ಊರೆಲ್ಲ ಸುತ್ತಿತು, ಎರಡನೇ ಮಾತನ್ನು ಎಲ್ಲರೂ ಬಿಟ್ಟರು. ಮುದ್ದೆ, ಬಸ್ಸಾರು, ಮಜ್ಜಿಗೆ ಉಣ್ಣುವ ನಮ್ಮ ಕಡೆಯವರಿಗೆ ಊಟದಲ್ಲೇ ಬೇಕಾದಷ್ಟು ನೀರು ಒಳಗೆ ಹೋಗುತ್ತದೆ.

ಕಿಡ್ನಿ ಕಲ್ಲು ಆದವರು ಜಾಸ್ತಿ ಕುಡಿಯಬೇಕು. ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು, ಹಾಲುಣಿಸುವ ತಾಯಂದಿರು, ಭೇದಿ ಆದವರು ಕೂಡ ಅಷ್ಟೇ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಮನೆಯವರು ನೆನಪಿಸಿ ಕೊಡಬೇಕು. ಹಾರ್ಟ್ ಫೇಲ್ಯೂರ್, ಕಿಡ್ನಿ ತೊಂದರೆ ಇರುವವರು ಮಾತ್ರ ತಮ್ಮ ಡಾಕ್ಟರ್ ಹೇಳಿದ ಅಳತೆ ದಾಟಲೇಬಾರದು. ಒಂದೇ ಸಲಕ್ಕೆ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು, ಗಟ್ಟಿಮುಟ್ಟಾಗಿರುವವರೂ ಆಸ್ಪತ್ರೆ ಸೇರಬೇಕಾಗಬಹುದು.

ಇಷ್ಟಕ್ಕೇ ಮುಗಿಸಿಬಿಡಬಹುದಿತ್ತು. ಆದರೆ ಬಾಗೇಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ಕ್ಯಾಂಪ್ ಮಾಡಿದ್ದು ಈ ಪ್ರಶ್ನೆ ಕೇಳಿದಾಗಲೆಲ್ಲ ನೆನಪಾಗುತ್ತದೆ.

ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದೆವು. ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ಬಂದು, ಹಿಡಿದುಕೊಂಡೇ ಕೂತರು. ಕೈಯಲ್ಲಿ ಎರಡು ಲೀಟರಿನ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿ, ತುಂಬ ನೀರು. ಮಂಡಿ ನೋವು, ಬೆನ್ನು ನೋವು ಅಂದರು. ಬೆಂಗಳೂರಿನಲ್ಲಿರುವ ಮಗ ಫೋನಿಗೆ ಒಂದು ವಿಡಿಯೋ ಕಳಿಸಿದ್ದನಂತೆ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಕೀಲುನೋವು ಮಾಯ ಅಂತ. ಆಯಮ್ಮ ಅದನ್ನು ವ್ರತದ ಹಾಗೆ ಪಾಲಿಸಿದ್ದರು. ಬೆಳಿಗ್ಗೆ ಒಂದು ಬಾಟಲಿ, ಸಂಜೆಯೊಳಗೆ ಇನ್ನೊಂದು. ನೋವು ಕಡಿಮೆ ಆಗುವುದಿರಲಿ, ಜಾಸ್ತಿಯೇ ಆಗಿತ್ತು. ತೆಲುಗು ಬೆರೆಸಿದ ಕನ್ನಡದಲ್ಲಿ ಕೇಳಿದರು, "ಡಾಕ್ಟ್ರಮ್ಮ, ಇನ್ನೊಂದು ಲೀಟರ್ ಜಾಸ್ತಿ ಮಾಡ್ಲಾ?"

"ಅಕ್ಕಾ, ಒಂಚೂರು ಎದ್ದು ನಿಲ್ಲಿ" ಅಂದೆ. ಬಗ್ಗಿ ಕಾಲಿನ ಬೆರಳು ಮುಟ್ಟಲು ಹೇಳಿದೆ. ಕೈ ಮಂಡಿ ದಾಟಲಿಲ್ಲ. ಗದ್ದವನ್ನು ಎದೆಗೆ ತಾಗಿಸಿ ಅಂದೆ. ಕತ್ತು ಅರ್ಧಕ್ಕೇ ನಿಂತಿತು. ಎರಡೂ ಕೈ ಎತ್ತಿ ತಲೆ ಹಿಂದೆ ಇಟ್ಟುಕೊಳ್ಳಿ ಅಂದೆ. ಕೈ ಕಿವಿಯ ಹತ್ತಿರ ಬಂದು ನಡುಗಿತು. ಅಜ್ಜಿಯ ಪಾಡು ನೋಡಿ ಪಕ್ಕದಲ್ಲಿದ್ದ ಮೊಮ್ಮಗ ನಕ್ಕ. ಎಂಟೊಂಬತ್ತು ವರ್ಷದ ಹುಡುಗ. ಅವನ ಮುಂದಿನ ಹಲ್ಲುಗಳಲ್ಲಿ ಸೀಮೆಸುಣ್ಣದಂಥ ಬಿಳಿ ಮಚ್ಚೆ, ಅದರ ಮೇಲೆ ಅಡ್ಡಕ್ಕೆ ಕಂದು ಗೆರೆ. ಅಜ್ಜಿಯ ಬಿಗಿದ ಕೀಲು, ಹುಡುಗನ ಹಲ್ಲು ಎರಡನ್ನೂ ನೋಡಿ ನನಗೆ ನೀರಿನಲ್ಲಿರುವ ಫ್ಲೋರೈಡ್ ಮೇಲೆ ಅನುಮಾನ ಬಂತು. ನೆಲದ ಕಲ್ಲಿನಿಂದ ನೀರಿಗೆ ಸೇರುವ ಲವಣ ಅದು, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುತ್ತದೆ.

ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡುತ್ತಾರೆ. ಅಂಥವರಲ್ಲಿ ಒಬ್ಬರು ಅಲ್ಲೇ ಇದ್ದರು. ಓಡಿಹೋಗಿ ಕಿಟ್ ತಂದರು. ಆ ಬಾಟಲಿಯ ನೀರನ್ನು ಸಣ್ಣ ಟ್ಯೂಬಿಗೆ ಹಾಕಿ, ದ್ರಾವಣದ ಹನಿ ಬಿಟ್ಟು ಕುಲುಕಿದರು. ಫ್ಲೋರೈಡ್ ಇಲ್ಲದಿದ್ದರೆ ನೀರು ಗುಲಾಬಿ ಬಣ್ಣದಲ್ಲೇ ಉಳಿಯಬೇಕು. ಫ್ಲೋರೈಡ್ ಏರಿದ ಹಾಗೆ ಅದು ಹಳದಿಗೆ ತಿರುಗುತ್ತದೆ. ನಮ್ಮ ಕಣ್ಣೆದುರೇ ಹಳದಿಯಾಯಿತು. ಬಣ್ಣದ ಕಾರ್ಡಿನ ಪಕ್ಕ ಹಿಡಿದರೆ ಲೀಟರಿಗೆ 3 ಮಿಲಿಗ್ರಾಂ.

ಈಗ ಲೆಕ್ಕ ಹಾಕಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದೇ ಇದ್ದರೆ 1.5ರವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5. ಒಟ್ಟಾರೆ ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯ ಶುರುವಾಗಬಹುದು, 14ರ ಹೊತ್ತಿಗೆ ಅಪಾಯ ಖಚಿತ ಅಂತಲೂ ಆ ಸಂಸ್ಥೆ ಹೇಳಿದೆ. ಅದೇ ನೀರನ್ನು ಎರಡು ಲೀಟರ್ ಕುಡಿದಿದ್ದರೆ ಆಯಮ್ಮನ ಹೊಟ್ಟೆಗೆ 6 ಮಿಲಿಗ್ರಾಂ ಹೋಗುತ್ತಿತ್ತು. ನಾಲ್ಕು ಲೀಟರ್ ಕುಡಿದು 12 ಮಿಲಿಗ್ರಾಂ ಹೋಗುತ್ತಿತ್ತು, ಆರೋಗ್ಯ ಸುಧಾರಿಸುತ್ತದೆ ಅನ್ನುವ ನಂಬಿಕೆಯಲ್ಲಿ!

ಒಂದು ಕಿಟ್ ನೋಡಿ ಕಾಯಿಲೆ ಇಂಥದ್ದೇ ಅಂತ ಹೇಳಲಾಗುವುದಿಲ್ಲ. ಎಕ್ಸ್‌ರೇ ಆಗಬೇಕು, ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ನೋಡಬೇಕು. ಅದಕ್ಕೆ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಆಮೇಲೆ ಕೇಳಿದೆ, "ಊರಲ್ಲಿ ಫಿಲ್ಟರ್ ನೀರು ಸಿಗಲ್ವಾ ಅಕ್ಕಾ?" ಸಿಗುತ್ತದಂತೆ. ಐದು ರೂಪಾಯಿಗೆ ಇಪ್ಪತ್ತು ಲೀಟರಿನ ಒಂದು ಕ್ಯಾನ್. "ತರ್ತೀವಮ್ಮ. ಟೀಗೆ ಬೇಕು, ಬೇಳೆ ಬೇಯಕ್ಕೆ ಬೇಕು, ಮನೆಗೆ ಯಾರಾನಾ ಬಂದ್ರೆ ಕೊಡಕ್ಕೆ ಬೇಕು. ನಾನೇ ನಾಲ್ಕು ಲೀಟರ್ ಕುಡಿದ್ರೆ ಅದು ಎಲ್ಲಿ ಸಾಕಾಗ್ತದೆ? ನಾನು ನಲ್ಲಿ ನೀರೇ ಕುಡೀತೀನಿ."

ಬಂದವರಿಗೆ ಒಳ್ಳೆಯ ನೀರು. ಬೇಳೆಗೂ ಒಳ್ಳೆಯ ನೀರು. ತನಗೆ ಮಾತ್ರ ನಲ್ಲಿಗೆ ಬರುವ ಬೋರ್‌ವೆಲ್ ನೀರು, ಅದೂ ನಾಲ್ಕು ಲೀಟರ್. ಅವತ್ತಿನಿಂದ ಯಾರಾದರೂ "ಎಷ್ಟು ಲೀಟರ್?" ಅಂದರೆ ನಾನು ತಿರುಗಿಸಿ ಕೇಳುತ್ತೇನೆ. ಯಾವ ನೀರು?

ನನ್ನನ್ನು ಯಾರೂ ಕೇಳದ ಪ್ರಶ್ನೆ ಇದು. ಅದೂ ನಮ್ಮ ಜಿಲ್ಲೆಯಲ್ಲಿ! ನಂದಿಯ ಬೆಟ್ಟಸಾಲಿನಲ್ಲಿ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ. ಆದರೂ ವರ್ಷಪೂರ್ತಿ ಹರಿಯುವ ಒಂದು ಹೊಳೆ ನಮಗಿಲ್ಲ. ಹಿಂದೆ ಕೆರೆ ಮತ್ತು ತೆರೆದ ಬಾವಿಯ ನೀರು ಕುಡಿಯುತ್ತಿದ್ದೆವು. ಕೆರೆಗಳಲ್ಲಿ ಹೂಳು ತುಂಬಿತು, ಬಾವಿ ಬತ್ತಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಆಳದ ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಎಷ್ಟು ಕಾಲ ಆ ಬಂಡೆಯ ಸಂದಿಯಲ್ಲಿ ನಿಂತಿರುತ್ತದೋ ಅಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಕೋಲಾರದ್ದೂ ಇದೇ ಪಾಡು, ತುಮಕೂರಿನ ಪಾವಗಡದ್ದೂ ಇದೇ ಪಾಡು. ಈಗ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸುವುದಕ್ಕೆ ಬಿಡುವ ನೀರು, ನೇರವಾಗಿ ಕುಡಿಯುವುದಕ್ಕಲ್ಲ.

ಇಂಥ ಊರಿನವರಿಗೆ ನಾನು ಹೇಳುವುದು ಆರ್‌ಓ ನೀರು, ಅಂದರೆ ಫ್ಲೋರೈಡಿನಂಥ ಲವಣ ತಡೆಯುವ ತೆಳು ಪೊರೆಯ (ಮೆಂಬ್ರೇನ್) ಮೂಲಕ ಹಾಯಿಸಿದ ಫಿಲ್ಟರ್ ನೀರು. ಇಲ್ಲಿಗೆ ಬಂದರೆ ಸಾಕು, ನನ್ನ ಜೊತೆ ಜಗಳ ಶುರು. "ನೀವು ನೇಚರೋಪತಿಯವರಾಗಿ ಆರ್‌ಓ ನೀರು ಕುಡೀರಿ ಅಂತೀರಾ? ಅದು ಸತ್ತ ನೀರು ಮೇಡಂ. ನೆಲದಿಂದ ಬಂದದ್ದೇ ನ್ಯಾಚುರಲ್ ಅಲ್ವಾ?" ಹೌದು, ನ್ಯಾಚುರಲ್. ಫ್ಲೋರೈಡೂ ನ್ಯಾಚುರಲ್. ಆ ಹುಡುಗನ ಹಲ್ಲಿಗೆ ಕಂದು ಗೆರೆ ಎಳೆದದ್ದು ಯಾವ ಫ್ಯಾಕ್ಟರಿಯೂ ಅಲ್ಲ, ನಮ್ಮದೇ ನೆಲದ ಕಲ್ಲು. ಕಾಯಿಲೆಯ ಕಾರಣ ಹುಡುಕಿ ಮೊದಲು ಅದನ್ನು ತೆಗೆಯಬೇಕು ಅಂತ ನನ್ನ ಓದು ಕಲಿಸಿದೆ. ಕಾರಣ ನೀರಿನಲ್ಲೇ ಇದ್ದರೆ ನೀರನ್ನೇ ಬದಲಾಯಿಸಬೇಕು. ಫ್ಲೋರೈಡ್ ಇರುವ ಊರಿನಲ್ಲಿ ಆರ್‌ಓ ಬೇಡ ಅನ್ನುವ ಪ್ರಕೃತಿ ಚಿಕಿತ್ಸಕರು ನನ್ನ ಜೊತೆ ಒಂದು ಸಲ ಆ ಜಗಲಿಗೆ ಬರಲಿ.

ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟರೆ ಕೆಲವು ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಜೀರಿಗೆ ಹಾಕಿದರೂ ಹೋಗುವುದಿಲ್ಲ. ಮಣ್ಣಿನ ಮಡಕೆ ನೀರನ್ನು ತಂಪು ಮಾಡುತ್ತದೆ, ಅಷ್ಟೇ. ಕುದಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಲೀಟರ್ ಲೆಕ್ಕದಲ್ಲಿ ಇನ್ನೂ ಜಾಸ್ತಿಯೇ ಆಗುತ್ತದೆ. ಕೆಲವರು ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸಿ "ನೋಡಿ, ಎಷ್ಟು ಕಮ್ಮಿ ಇದೆ" ಅಂತಾರೆ. ಆ ಮೀಟರಿಗೆ ಫ್ಲೋರೈಡ್ ಬೇರೆಯಾಗಿ ಕಾಣುವುದೇ ಇಲ್ಲ. ಟಿಡಿಎಸ್ ಕಡಿಮೆ ಇದ್ದೂ ಫ್ಲೋರೈಡ್ ಮಿತಿ ದಾಟಿರಬಹುದು.

ಶುದ್ಧ ನೀರಿನ ಘಟಕವನ್ನು ಕಣ್ಣುಮುಚ್ಚಿ ನಂಬಿ ಅಂತಲೂ ನಾನು ಹೇಳುತ್ತಿಲ್ಲ. ಮೆಂಬ್ರೇನ್ ಬದಲಾಯಿಸದೆ ವರ್ಷಗಟ್ಟಲೆ ಓಡಿಸುವ ಘಟಕಗಳಿವೆ. ಅಲ್ಲಿಂದ ಹೊರಬರುವ ನೀರನ್ನೂ ಪರೀಕ್ಷೆ ಮಾಡಿಸಬೇಕು. ಕೊನೆಯದಾಗಿ ಯಾವಾಗ ಮಾಡಿಸಿದಿರಿ ಅಂತ ಪಂಚಾಯಿತಿಯಲ್ಲಿ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ಕುಡಿಯಲು ಕ್ಯಾನ್ ನೀರು ತರುವ ಮನೆಗಳಲ್ಲೂ ಮುದ್ದೆಗೆ ಎಸರಿಡುವುದು ನಲ್ಲಿ ನೀರಿನಲ್ಲಿ. ಬೇಳೆಗೆ ಒಳ್ಳೆಯ ನೀರು ಹಾಕುತ್ತಾರೆ, ಯಾಕಂದ್ರೆ ಗಡಸು ನೀರಿನಲ್ಲಿ ಅದು ಬೇಯುವುದಿಲ್ಲ. ಮುದ್ದೆ ಯಾವ ನೀರಿನಲ್ಲೂ ಆಗುತ್ತದೆ. ಒಂದು ಪಾವು ಹಿಟ್ಟು ಎರಡು ಪಾವಿಗಿಂತ ಜಾಸ್ತಿ ನೀರು ಹೀರುತ್ತದೆ, ಅಷ್ಟೂ ಫ್ಲೋರೈಡ್ ಸಮೇತ ತಟ್ಟೆಗೆ ಬರುತ್ತದೆ. ಅನ್ನವೂ ಹಾಗೇ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ನಲ್ಲಿ ನೀರಿನಿಂದ ಏನೂ ತೊಂದರೆ ಇಲ್ಲ. ಬಾಯಿಗೆ ಹೋಗುವುದಕ್ಕೆಲ್ಲ ಒಳ್ಳೆಯ ನೀರೇ ಬೇಕು. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರಂತೂ ಇದನ್ನು ನಾಳೆಗೆ ಹಾಕಬೇಡಿ. ಶಾಶ್ವತ ಹಲ್ಲಿನ ಹೊರಪದರ ಕಟ್ಟಿಕೊಳ್ಳುವುದು ಆ ವಯಸ್ಸಿನಲ್ಲಿ. ಆಗ ಬಿದ್ದ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ರಾಗಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಇದ್ದರೆ ಕರುಳು ಫ್ಲೋರೈಡನ್ನು ಕಡಿಮೆ ಹೀರಿಕೊಳ್ಳುತ್ತದೆ. ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ ತಿನ್ನಿ. ಕಪ್ಪು ಟೀ ಕಡಿಮೆ ಮಾಡಿ, ಚಹಾ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ. ಆದರೆ ಊಟ ಸರಿ ಮಾಡಿಕೊಂಡು ಅದೇ ನೀರು ಕುಡಿಯುತ್ತಿದ್ದರೆ ಪ್ರಯೋಜನವಿಲ್ಲ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ನೂರು ಚದರ ಮೀಟರ್ ತಾರಸಿಯ ಮೇಲೆ ಅದು 70,000 ಲೀಟರ್. ಐದಾರು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಇಟ್ಟುಕೊಂಡರೂ ವರ್ಷಕ್ಕೆ 9,000 ಲೀಟರ್ ಚಿಲ್ಲರೆ ಬೇಕು. ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಮರಳು ಇದ್ದಿಲಿನ ಫಿಲ್ಟರ್ ಮೂಲಕ ಮುಚ್ಚಿದ ಸಂಪಿಗೆ ಇಳಿಸಿ. ಕುಡಿಯುವ ಮೊದಲು ಕುದಿಸಿ. ಇಲ್ಲಿ ಕುದಿಸುವುದರಿಂದ ಉಪಯೋಗ ಇದೆ, ಯಾಕಂದ್ರೆ ಮಳೆ ನೀರಿನಲ್ಲಿ ತೊಂದರೆ ಕೊಡುವುದು ರೋಗಾಣು. ಮನೆ ಕಟ್ಟುವಾಗ ಗ್ರಾನೈಟ್ ಮೆಟ್ಟಿಲಿಗೆ, ಗೇಟಿಗೆ ಲಕ್ಷಗಟ್ಟಲೆ ಸುರಿಯುವವರು ಈ ಪೈಪಿಗೆ ಬಂದಾಗ ಚೌಕಾಸಿ ಮಾಡುತ್ತಾರೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಆದ್ದರಿಂದ ಮುಂದಿನ ಸಲ ನನ್ನ ಕ್ಲಿನಿಕ್ಕಿಗೆ ಬರುವಾಗ ಪ್ರಶ್ನೆಯ ಜೊತೆ ನೀರನ್ನೂ ತನ್ನಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು, ಗಾಜಿನದು ಬೇಡ. ಮನೆಯಲ್ಲಿ ಅಡುಗೆಗೆ ಬಳಸುವ ನೀರಿನಲ್ಲೇ ಎರಡು ಮೂರು ಸಲ ತೊಳೆದು, ಅದೇ ನೀರು ತುಂಬಿಸಿ. ನಲ್ಲಿಯದೋ ಕ್ಯಾನಿನದೋ, ಯಾವ ಬೋರ್‌ವೆಲ್, ಯಾವ ದಿನ ಹಿಡಿದದ್ದು ಅಂತ ಮೇಲೆ ಬರೆದಿರಲಿ. ಪರೀಕ್ಷೆಗೆ ಎಲ್ಲಿ ಕೊಡಬೇಕು ಅಂತ ನಾನು ಹೇಳುತ್ತೇನೆ. ಫಲಿತಾಂಶ ಬಂದ ಮೇಲೆ ಲೀಟರ್ ಲೆಕ್ಕ ಮಾತಾಡೋಣ.