ದೊಡ್ಡ ಮಷಿನ್ ಹಾಕಿದರೂ ಸೈಟ್ ಏಳಲಿಲ್ಲ

ವರಮಹಾಲಕ್ಷ್ಮಿ ಹಬ್ಬದ ಸೀರೆ ಸೇಲ್ ಬೆಳಿಗ್ಗೆ ಹತ್ತಕ್ಕೆ ಶುರು. ಬೆಳ್ಳಂದೂರಿನ ಆಫೀಸಲ್ಲಿ ವಾರ್ ರೂಂ, ಟೇಬಲ್ ಮೇಲೆ ಇಡ್ಲಿ-ವಡೆ, ಟಿವಿಯಲ್ಲಿ ಸರ್ವರ್‌ಗಳ ಗ್ರಾಫ್ ತೋರಿಸುವ ಗ್ರಫಾನಾ. ಮೊದಲ ಅರ್ಧ ಗಂಟೆ ಆರ್ಡರ್ ಸುರಿದವು. ಮ್ಯಾನೇಜರ್ ಆಗಲೇ ಟೌನ್‌ಹಾಲ್ ಸ್ಲೈಡಿಗೆ ಸ್ಕ್ರೀನ್‌ಶಾಟ್ ತೆಗೆಯುತ್ತಿದ್ದರು. ಆಮೇಲೆ ಪಿ99 (ನೂರರಲ್ಲಿ 99 ರಿಕ್ವೆಸ್ಟ್ ಇಷ್ಟರೊಳಗೆ ಮುಗಿಯುತ್ತವೆ ಅನ್ನುವ ಸಮಯ) ಮೇಲಕ್ಕೆ ಹೋಯಿತು, ಚೆಕ್‌ಔಟ್‌ನಲ್ಲಿ 504, ಅಂದರೆ ಟೈಮ್‌ಔಟ್ ಎರರ್, ಶುರುವಾಯಿತು.

ಡೇಟಾಬೇಸ್ ಮಷಿನ್‌ಗೆ ಲಾಗಿನ್ ಆದೆ. ಎಂಟು ಕೋರ್, ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಪ್ರೊಸೆಸ್‌ಗಳ ಸರಾಸರಿ ಸಂಖ್ಯೆ) 40 ದಾಟಿತ್ತು. ನೋಡಿದವನೇ "ಸಿಪಿಯು ಸಾಲುತ್ತಿಲ್ಲ, 4ಎಕ್ಸ್‌ಲಾರ್ಜ್‌ಗೆ ಏರಿಸೋಣ" ಅಂದೆ. ಅಮೆಜಾನ್ ಕ್ಲೌಡ್‌ನಲ್ಲಿ ಅದು ನಮ್ಮದಕ್ಕಿಂತ ದೊಡ್ಡ ಸೈಜಿನ ಮಷಿನ್. ಮ್ಯಾನೇಜರ್‌ಗೂ ಅದೇ ಬೇಕಿತ್ತು. ಎಂಟು ಕೋರ್ 16 ಆಗುತ್ತೆ, 32 ಜಿಬಿ ರ‍್ಯಾಮ್ 64 ಆಗುತ್ತೆ. ಫೈನಾನ್ಸ್‌ನವರಿಗೂ ಬೇಗ ಅರ್ಥವಾಗುತ್ತೆ.

ಮಷಿನ್ ಏನು ಮಾಡುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಕಣ್ಣೆದುರೇ ಇತ್ತು. ಸಿಪಿಯು ಸಾಲಿನಲ್ಲಿ ಐಓ ವೇಟ್ (ಡಿಸ್ಕ್‌ಗಾಗಿ ಸಿಪಿಯು ಖಾಲಿ ಕೂತ ಸಮಯ) ಎಷ್ಟು ಅಂತ ಒಮ್ಮೆ ನೋಡಿದ್ದರೆ ಸಾಕಿತ್ತು. ಲಿನಕ್ಸ್ ಲೋಡ್ ಆವರೇಜ್‌ನಲ್ಲಿ ಡಿಸ್ಕ್‌ಗಾಗಿ ಡಿ ಸ್ಟೇಟ್‌ನಲ್ಲಿ ಕಾಯುವ ಪ್ರೊಸೆಸ್‌ಗಳೂ ಸೇರುತ್ತವೆ; 40 ಅಂದ ಮಾತ್ರಕ್ಕೆ ಸಿಪಿಯು ಸಾಲದು ಅಂತಲ್ಲ. ಇಂಟರ್‌ವ್ಯೂಗಳಲ್ಲಿ ಈ ಪ್ರಶ್ನೆ ಕೇಳುವವನೇ ನಾನು!

ಸ್ಟಾಪ್, ಟೈಪ್ ಚೇಂಜ್, ಸ್ಟಾರ್ಟ್. ಸೇಲ್ ಮಧ್ಯೆ ಸೈಟ್ ಪೂರ್ತಿ ಮಲಗಿತು. ಎದ್ದ ಮೇಲೆ ಇನ್ನೂ ಕೆಟ್ಟಿತು. ರೀಸ್ಟಾರ್ಟ್ ಆದದ್ದಕ್ಕೆ ಡೇಟಾ ಇಟ್ಟುಕೊಳ್ಳುವ ರ‍್ಯಾಮ್ ಕ್ಯಾಶ್ ಖಾಲಿ. ಮೊದಲು ರ‍್ಯಾಮ್‌ನಿಂದ ಸಿಗುತ್ತಿದ್ದ ಡೇಟಾ ಪೇಜ್‌ಗಳೂ ಈಗ ಡಿಸ್ಕ್‌ನಿಂದಲೇ ಬರಬೇಕು. ಹದಿನಾರು ಕೋರ್‌ಗಳು ಕೆಲಸವಿಲ್ಲದೆ ಸುಮ್ನೆ ಕೂತಿದ್ದವು. ವಿಪಿ ಕಾಲ್‌ಗೆ ಸೇರಿಕೊಂಡು "ಇಟಿಎ ಏನು, ಯಾವಾಗ ಸರಿಹೋಗುತ್ತೆ?" ಅಂತ ಕೇಳುತ್ತಲೇ ಇದ್ದರು. ನಾನು ಮ್ಯೂಟ್‌ನಲ್ಲಿದ್ದೆ.

ಪಕ್ಕದ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಡಿಸ್ಕ್‌ನ ರೀಡ್-ರೈಟ್ ಅಳೆಯುವ ಐಓಸ್ಟ್ಯಾಟ್ ಓಡಿಸಿ, "ಸರ್, ರೀಡ್-ರೈಟ್ ಸೇರಿ ಸೆಕೆಂಡಿಗೆ 300ಕ್ಕೇ ನಿಂತುಬಿಟ್ಟಿದೆ, ಅಲ್ವಾ?" ಅಂದಳು.

ನಮ್ಮದು 100 ಜಿಬಿಯ ಜಿಪಿ2, ಅಮೆಜಾನ್ ಕ್ಲೌಡ್‌ನ ಹಳೇ ಬಗೆಯ ಡಿಸ್ಕ್. ಜಿಬಿಗೆ 3 ಐಓಪಿಎಸ್‌ನಂತೆ (ಸೆಕೆಂಡಿಗೆ ಇಷ್ಟು ರೀಡ್-ರೈಟ್) ಅದರ ತಾಕತ್ತು 300. ಬಳಸದೆ ಉಳಿದದ್ದು ಕ್ರೆಡಿಟ್ ಆಗಿ ಬಕೆಟ್‌ನಲ್ಲಿ ಜಮಾ ಆಗುತ್ತದೆ; ಅದು ಇರುವವರೆಗೆ 3000 ಕೊಡುತ್ತದೆ. ತುಂಬಿದ ಬಕೆಟ್‌ನಲ್ಲಿ 54 ಲಕ್ಷ ಕ್ರೆಡಿಟ್. ಪೂರ್ತಿ ವೇಗದಲ್ಲಿ ಎಳೆದರೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಬರುತ್ತೆ, ಅಷ್ಟೇ. ಮನೆ ಮೇಲಿನ ಟ್ಯಾಂಕ್ ಖಾಲಿಯಾಗುವ ತನಕ ನಲ್ಲಿ ಜೋರು, ಆಮೇಲೆ ಕಾವೇರಿ ಲೈನ್ ಕೊಟ್ಟಷ್ಟೇ ನೀರು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪೇಜ್ 8 ಕೆಬಿ. ಅಲ್ಲೊಂದು ಇಲ್ಲೊಂದು ಪೇಜ್ ಓದುವಾಗ 300 ಅಂದರೆ ಸೆಕೆಂಡಿಗೆ ಎರಡೂವರೆ ಎಂಬಿಯೂ ಇಲ್ಲ. 64 ಜಿಬಿ ರ‍್ಯಾಮ್ ತುಂಬುವುದು ಯಾವಾಗ?

ಲೋಡ್ ಟೆಸ್ಟ್ ಮಾಡಿರಲಿಲ್ವಾ ಅಂತ ಕೇಳಬಹುದು. ಮಾಡಿದ್ದೆವು, ಇಪ್ಪತ್ತು ನಿಮಿಷ. ಕ್ರೆಡಿಟ್ ಮುಗಿಯುವ ಮುಂಚೆಯೇ ಟೆಸ್ಟ್ ಮುಗಿದು ರಿಪೋರ್ಟ್ ಹಸಿರಾಗಿತ್ತು. ಉಳಿದ ಕ್ರೆಡಿಟ್ ತೋರಿಸುವ ಬರ್ಸ್ಟ್ ಬ್ಯಾಲೆನ್ಸ್ ಗ್ರಾಫ್ ಅಮೆಜಾನ್‌ನದೇ ಕ್ಲೌಡ್‌ವಾಚ್‌ನಲ್ಲಿತ್ತು, ನಮ್ಮ ಟಿವಿಯಲ್ಲಿರಲಿಲ್ಲ. ಈಗ ಟೆಸ್ಟ್ ಎರಡು ಗಂಟೆ ಓಡುತ್ತದೆ. ಇನ್ನೂ ಜಿಪಿ2 ಇರುವ ಕಡೆ ಬ್ಯಾಲೆನ್ಸ್ ಅರ್ಧಕ್ಕಿಳಿದರೆ ಪೇಜರ್ ಬಡಿದುಕೊಳ್ಳುತ್ತದೆ.

ಕೊನೆಗೆ ಡಿಸ್ಕನ್ನು ಹೊಸ ಬಗೆಯ ಜಿಪಿ3ಗೆ ಬದಲಿಸಿದೆವು. ಡಿಸ್ಕ್ ಎಷ್ಟೇ ಸಣ್ಣದಿದ್ದರೂ 3000 ಐಓಪಿಎಸ್, ಜಿಬಿ ಲೆಕ್ಕದಲ್ಲಿ ಜಿಪಿ2ಗಿಂತ ಅಗ್ಗ, ಮಷಿನ್ ನಿಲ್ಲಿಸುವ ಅಗತ್ಯವೂ ಇಲ್ಲ. 2020ರ ಡಿಸೆಂಬರ್‌ನಿಂದಲೇ ಸಿಗುತ್ತಿದೆ. ಸರ್ವರ್ ಸೆಟಪ್ ಬರೆದಿಟ್ಟ ನಮ್ಮ ಟೆರಾಫಾರ್ಮ್ ಫೈಲ್ ಅದಕ್ಕಿಂತ ಹಳೇದು, ಮುಟ್ಟಲು ಎಲ್ಲರಿಗೂ ಭಯ. ಮಧ್ಯಾಹ್ನ ಊಟದ ಹೊತ್ತಿಗೆ ಸೈಟ್ ಉಸಿರಾಡಿತು.

ತೊಂದರೆಯ ಮೂಲ ಕಾರಣ ಬರೆಯುವ ಆರ್‌ಸಿಎ ವರದಿಯಲ್ಲಿ ಮ್ಯಾನೇಜರ್ "ಸರ್ವರ್ ಸಾಮರ್ಥ್ಯ ಹೆಚ್ಚಿಸಿ ಸರಿಪಡಿಸಲಾಯಿತು" ಅಂತ ಬರೆದುಬಿಟ್ಟರು. ಹಾಗಾಗಿ ಆ 4ಎಕ್ಸ್‌ಲಾರ್ಜ್ ಇಳಿಸುವ ಹಾಗಿಲ್ಲ. ಕೇಳಿದರೆ "ಹಬ್ಬದ ಸೀಸನ್ ಮುಗೀಲಿ" ಅನ್ನುತ್ತಾರೆ. ಗೌರಿ-ಗಣೇಶ ಆಯಿತು, ದಸರಾ ಆಯಿತು. ಈಗ ದೀಪಾವಳಿ ಅನ್ನುತ್ತಿದ್ದಾರೆ.